ಮನೆ ಕಂಪ್ಯೂಟರ್ ಚಾಲೂ ಆಗ್ತಿಲ್ವಾ? ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ಮೊದಲು ನೋಡಿ

"ಸರ್, ಕಂಪ್ಯೂಟರ್ ಚಾಲೂನ ಆಗವಲ್ದ್ರೀ." ಬಾಗಲಕೋಟೆ ಕಡೆ ರಿಪೇರಿ ಮಾಡುವ ನನ್ನಂಥವರಿಗೆ ಬರುವ ಫೋನ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೀಗೇ ಶುರುವಾಗುತ್ತವೆ. ನಾನು ತಿರುಗಿ ಕೇಳುವುದು ಒಂದೇ. ಬಟನ್ ಒತ್ತಿದ ಮೇಲೆ ಏನೇನಾಗುತ್ತದೆ? ಲೈಟ್ ಬರುತ್ತಾ? ಫ್ಯಾನ್ ಸದ್ದು ಕೇಳುತ್ತಾ? ಪರದೆ ಮೇಲೆ ಒಂದು ಅಕ್ಷರವಾದರೂ ಮೂಡುತ್ತಾ? ಇಷ್ಟಕ್ಕೆ ಸರಿಯಾದ ಉತ್ತರ ಸಿಕ್ಕರೆ ದೋಷ ಎಲ್ಲಿದೆ ಅನ್ನೋದು ಅರ್ಧ ಗೊತ್ತಾದ ಹಾಗೆ.

ಯಾಕೆಂದರೆ ಕಂಪ್ಯೂಟರ್ ಏಳುವುದಕ್ಕೆ ಒಂದು ಕ್ರಮ ಇದೆ. ಮೊದಲು ಎಸ್‌ಎಂಪಿಎಸ್ ಡಬ್ಬಿ ಗೋಡೆಯ ಕರೆಂಟನ್ನು 12, 5, 3.3 ವೋಲ್ಟ್‌ಗೆ ಇಳಿಸಿ, ಎಲ್ಲ ಭಾಗಗಳನ್ನೂ ಜೋಡಿಸುವ ಮದರ್‌ಬೋರ್ಡ್ ಅನ್ನುವ ಹಲಗೆಗೆ ಕೊಡುತ್ತದೆ. ಆಮೇಲೆ ಮದರ್‌ಬೋರ್ಡ್ ಪ್ರೊಸೆಸರ್ (ಲೆಕ್ಕ ಮಾಡುವ ಮುಖ್ಯ ಚಿಪ್), ರ‍್ಯಾಮ್ (ಕೆಲಸದ ಹೊತ್ತಿನ ನೆನಪು), ಡಿಸ್‌ಪ್ಲೇ ಸರಿ ಇವೆಯಾ ಅಂತ ನೋಡುತ್ತದೆ. ನಂತರ ಫೈಲ್‌ಗಳೆಲ್ಲ ಇರುವ ಡಿಸ್ಕ್ ಹುಡುಕುತ್ತದೆ. ಕೊನೆಗೆ ಡಿಸ್ಕ್‌ನಿಂದ ವಿಂಡೋಸ್ ಎತ್ತಿಕೊಳ್ಳುತ್ತದೆ. ಫ್ಯಾನೇ ತಿರುಗದ ಕಂಪ್ಯೂಟರ್‌ಗೆ ಹೊಸ ವಿಂಡೋಸ್ ಹಾಕಿ ಉಪಯೋಗ ಇಲ್ಲ. ವಿಂಡೋಸ್ ದೋಷ ತೋರಿಸುವ ನೀಲಿ ಪರದೆವರೆಗೂ ಬಂದ ಕಂಪ್ಯೂಟರ್‌ನ ಎಸ್‌ಎಂಪಿಎಸ್ ಬದಲಿಸುವ ಅವಸರವೂ ಬೇಡ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಕಂಪ್ಯೂಟರ್ ಏಳದಿದ್ದರೆ "ಫಾರ್ಮ್ಯಾಟ್ ಹೊಡೀರಿ" ಅಂತ ಯಾರೇ ಹೇಳಿದರೂ ಕೂಡಲೇ ಒಪ್ಪಬೇಡಿ. ಫಾರ್ಮ್ಯಾಟ್ ಅಂದರೆ ಡಿಸ್ಕ್‌ನಲ್ಲಿದ್ದದ್ದನ್ನು ಅಳಿಸುವುದು. ಹಾಳಾದ ಭಾಗಕ್ಕೆ ಬದಲಿ ಸಿಗುತ್ತದೆ. ಮಗಳ ಮದುವೆ ಫೋಟೋ, ಅಂಗಡಿಯ ಟ್ಯಾಲಿ ಲೆಕ್ಕ ಹೋದರೆ ಮತ್ತೆ ಸಿಗುವುದಿಲ್ಲ.

ಕ್ಯಾಬಿನೆಟ್ ಮುಟ್ಟುವ ಮೊದಲು

ಸ್ವಿಚ್ ಆಫ್ ಮಾಡಿದರೆ ಸಾಲದು, ಗೋಡೆಯಿಂದ ಪಿನ್ ಕೀಳಿ. ಹಳೇ ಮನೆಗಳಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲಾಗಿರುವುದು ಸಾಮಾನ್ಯ. ಅಂಥ ಕಡೆ ಸ್ವಿಚ್ ಆಫ್ ಆಗಿದ್ದರೂ ಫೇಸ್ ವೈರ್ ಕಂಪ್ಯೂಟರ್‌ವರೆಗೂ ಬಂದೇ ಇರುತ್ತದೆ. ಪಿನ್ ಕಿತ್ತ ಮೇಲೆ ಪವರ್ ಬಟನ್ ಒಂದು ಸಲ ಒತ್ತಿ ಹಿಡಿಯಿರಿ, ಬೋರ್ಡ್‌ನಲ್ಲಿ ಉಳಿದ ಕರೆಂಟ್ ಹೋಗಲಿ. ಒಳಗೆ ಕೈ ಹಾಕುವ ಮುಂಚೆ ಕ್ಯಾಬಿನೆಟ್‌ನ ಬಣ್ಣ ಇಲ್ಲದ ಕಬ್ಬಿಣದ ಭಾಗ ಮುಟ್ಟಿ. ಮೈಯಲ್ಲಿನ ಸ್ಟ್ಯಾಟಿಕ್ (ಉಜ್ಜಿದಾಗ ಹುಟ್ಟುವ ಕರೆಂಟ್) ಇಳಿಯುತ್ತದೆ.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಅದರೊಳಗಿನ, ಕರೆಂಟ್ ಕೂಡಿಟ್ಟುಕೊಳ್ಳುವ ದೊಡ್ಡ ಕೆಪ್ಯಾಸಿಟರ್‌ಗಳಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಡಿಸಿ ಕರೆಂಟ್ ತುಂಬಿರುತ್ತದೆ. ಪಿನ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಅದು ಹೊಡೆದರೆ ಜೀವಕ್ಕೇ ಅಪಾಯ.

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆಯಾ? "ಅದು ಮೊದಲಿಂದಲೂ ಹಾಗೇ ಇದೆ" ಅಂತ ಸುಮ್ನೆ ಬಿಡಬೇಡಿ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಬಾಡಿಗೆ ಜೋಡಿಸಿದ ಸಣ್ಣ ಫಿಲ್ಟರ್ ಕೆಪ್ಯಾಸಿಟರ್‌ಗಳಿರುತ್ತವೆ. ಮನೆಯ ಅರ್ಥಿಂಗ್ ಸರಿ ಇದ್ದರೆ ಅವುಗಳಿಂದ ಸೋರುವ ಚೂರು ಕರೆಂಟ್ ಭೂಮಿಗೆ ಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಮನೆಯ 230 ವೋಲ್ಟ್ ಕರೆಂಟಿನ ಅರ್ಧ, ಅಂದರೆ 115 ವೋಲ್ಟ್ ಆಸುಪಾಸು, ಬಾಡಿಯ ಮೇಲೆ ನಿಲ್ಲುತ್ತದೆ. ಮಾನಿಟರ್ ಕೇಬಲ್ ಅಥವಾ ಪ್ರಿಂಟರ್ ಸಿಕ್ಕಿಸುವಾಗ ಪೋರ್ಟ್ ಸುಟ್ಟುಹೋಗಲು ಇದೊಂದು ಕಾರಣ. ಜುಮ್ ಅನ್ನುವುದು ಜೋರಾಗಿದ್ದರೆ ಅದು ಫಿಲ್ಟರ್‌ನದ್ದಲ್ಲ, ನಿಜವಾದ ಲೀಕ್ ಇರಬಹುದು. ಎರಡಕ್ಕೂ ಎಲೆಕ್ಟ್ರಿಷಿಯನ್ ಕರೆದು ಅರ್ಥಿಂಗ್ ನೋಡಿಸಿ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿ ನೆಲ ಒಣಗುತ್ತದೆ. ಇದ್ದಿಲು, ಉಪ್ಪು ಹಾಕಿದ ಅರ್ಥಿಂಗ್ ಗುಂಡಿ ಇದ್ದರೆ ಬೇಸಿಗೆಯಲ್ಲಿ ಆಗಾಗ ಅದಕ್ಕೆ ನೀರು ಹಾಕುತ್ತಿರಿ. ಒಣಗಿದ ಗುಂಡಿ ಕರೆಂಟನ್ನು ಸರಿಯಾಗಿ ಭೂಮಿಗೆ ಇಳಿಸುವುದಿಲ್ಲ.

ಬಟನ್ ಒತ್ತಿದರೆ ಲೈಟಿಲ್ಲ, ಸದ್ದಿಲ್ಲ

ಮೊದಲ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ. ಅದೇ ಪ್ಲಗ್‌ಗೆ ಟೇಬಲ್ ಫ್ಯಾನ್ ಹಾಕಿ ನೋಡಿ. ಮೊಬೈಲ್ ಚಾರ್ಜರ್ ಬೇಡ, ಅದು 100 ವೋಲ್ಟ್ ಇದ್ದರೂ ಕೆಲಸ ಮಾಡುತ್ತದೆ. ಫ್ಯಾನ್ ಕುಂಟುತ್ತಾ ತಿರುಗಿದರೆ ವೋಲ್ಟೇಜ್ ಕಮ್ಮಿ ಅಂತ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಎಕ್ಸ್‌ಟೆನ್ಶನ್ ಬೋರ್ಡ್ ತೆಗೆದು ನೇರ ಗೋಡೆಗೆ ಹಾಕಿ. ಕ್ಯಾಬಿನೆಟ್ ಹಿಂದೆ ಎಸ್‌ಎಂಪಿಎಸ್ ಪಕ್ಕ ಒಂದು ಸಣ್ಣ ಸ್ವಿಚ್ ಇರುತ್ತದೆ, ಮನೆ ಗುಡಿಸುವಾಗ ತಾಗಿ ಆಫ್ ಆಗಿರಬಹುದು. ಮಾನಿಟರ್‌ನ ಪವರ್ ಕೇಬಲ್ ಸಾಮಾನ್ಯವಾಗಿ ಕ್ಯಾಬಿನೆಟ್‌ಗೂ ಆಗುತ್ತದೆ, ಅದನ್ನು ಹಾಕಿ ನೋಡಿ. ಹಳೇ ಎಸ್‌ಎಂಪಿಎಸ್‌ಗಳಲ್ಲಿ 115 ಮತ್ತು 230 ಅಂತ ಬರೆದ ಕೆಂಪು ಸ್ವಿಚ್ ಇರುತ್ತದೆ. ಅದು 230ರ ಕಡೆಗೇ ಇರಬೇಕು. ಮಕ್ಕಳು ಆಟಕ್ಕೆ ಅದನ್ನು 115ಕ್ಕೆ ಸರಿಸಿ ಆನ್ ಮಾಡಿದರೆ ಡಬ್ಬಿ ಢಂ ಅಂದು ಸುಟ್ಟುಹೋಗುತ್ತದೆ.

ಯುಪಿಎಸ್ ಇದ್ದರೆ ಅದನ್ನು ಬಿಟ್ಟು ಒಂದು ಸಲ ಪರೀಕ್ಷಿಸಿ. ಮನೆಯ ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್ ಅವರ್‌ನ ಬ್ಯಾಟರಿ ಇರುತ್ತದೆ. ಎರಡು ಮೂರು ವರ್ಷಕ್ಕೆ ಅದರ ಆಯುಷ್ಯ ಮುಗಿಯುತ್ತದೆ, ಬಿಸಿಲಿಗೆ ಇನ್ನೂ ಬೇಗ. ಬಟನ್ ಒತ್ತಿದ ಕೂಡಲೇ ಯುಪಿಎಸ್ ಕೀಂಯ್ ಅಂದು ಆಫ್ ಆದರೆ ಕಂಪ್ಯೂಟರ್‌ನ ತಪ್ಪಿರಲಿಕ್ಕಿಲ್ಲ, ಬ್ಯಾಟರಿ ಸತ್ತಿರಬಹುದು. ಉಬ್ಬಿದ ಅಥವಾ ಒದ್ದೆಯಾದ ಬ್ಯಾಟರಿ ಕಂಡರೆ ಮತ್ತೆ ಚಾರ್ಜ್‌ಗೆ ಹಾಕಬೇಡಿ.

ಇಷ್ಟಾದರೂ ಆಗಲಿಲ್ಲ ಅಂದರೆ ವೋಲ್ಟೇಜ್ ಅಳೆಯಬೇಕು. ಬನಹಟ್ಟಿಯ ಒಂದು ನೇಕಾರರ ಮನೆಯ ಉದಾಹರಣೆ ಹೇಳುತ್ತೇನೆ. ಹಿಂದಿನ ಕೋಣೆಯಲ್ಲಿ ಪವರ್‌ಲೂಮ್ ಮಗ್ಗಗಳು, ಮುಂದಿನ ಕೋಣೆಯಲ್ಲಿ ಕಂಪ್ಯೂಟರ್. ಬೆಳಗ್ಗೆ ಚಾಲೂ ಆಗುತ್ತದೆ, ಮಧ್ಯಾಹ್ನ ಆಗುವುದಿಲ್ಲ. ಮದರ್‌ಬೋರ್ಡ್ ಹೋಗಿದೆ ಅಂತ ಯಾರೋ ಹೇಳಿದ್ದರು. ಪ್ಲಗ್‌ಗೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು ಮಗ್ಗ ಚಾಲೂ ಮಾಡಿಸಿದೆ. ಒಂದೊಂದು ಮಗ್ಗದ ಮೋಟರ್ ಶುರುವಾದಾಗಲೂ ವೋಲ್ಟೇಜ್ ದಬಕ್ಕನೆ ಇಳಿಯುತ್ತಿತ್ತು. ಮೀಟರ್ ಬೋರ್ಡ್‌ನಲ್ಲಿ ನ್ಯೂಟ್ರಲ್ ಸ್ಕ್ರೂ ಸಡಿಲವಾಗಿ, ವೈರ್‌ನ ತುದಿ ಕರಕಲಾಗಿತ್ತು. ಎಲೆಕ್ಟ್ರಿಷಿಯನ್ ಬಂದು ಆ ತುದಿ ಕತ್ತರಿಸಿ, ಹೊಸದಾಗಿ ಸುಲಿದು ಬಿಗಿ ಮಾಡಿದರು. ಕಂಪ್ಯೂಟರ್‌ಗೆ ಬೇರೆ ಲೈನ್ ಎಳೆದರು. ಮದರ್‌ಬೋರ್ಡ್‌ಗೆ ಏನೂ ಆಗಿರಲಿಲ್ಲ. ಮುಧೋಳ, ಜಮಖಂಡಿ ಕಡೆ ಹೊಲದ ಮನೆಗಳಲ್ಲಿ ಕಬ್ಬಿಗೆ ಪಂಪ್‌ಸೆಟ್ ಚಾಲೂ ಆದಾಗಲೂ ಹೀಗೆ ಆಗಬಹುದು. ನಿಮ್ಮ ಎಸ್‌ಎಂಪಿಎಸ್‌ನ ಲೇಬಲ್ ಓದಿ. "100–240" ಅಂತ ಇದ್ದರೆ ಕಮ್ಮಿ ವೋಲ್ಟೇಜ್ ತಡೆಯುತ್ತದೆ. "200–240" ಅಂತ ಇದ್ದರೆ ಇಳಿದಾಗ ಕೈಕೊಡುತ್ತದೆ.

ಮಲ್ಟಿಮೀಟರ್ ಹಿಡಿದು ಅಭ್ಯಾಸ ಇದ್ದವರು ಮಾತ್ರ ಅಳೆಯಿರಿ. ಎಸಿ ವೋಲ್ಟ್‌ಗೇ ಇಟ್ಟಿರಬೇಕು. ಕೆಂಪು ವೈರ್ 10 ಆಂಪಿಯರ್ ತೂತಿನಲ್ಲಿ ಇರಲೇಬಾರದು.

ಮನೆಯ ಲೈಟ್‌ಗಳು ಒಮ್ಮೆ ಮಂಕಾಗಿ ಒಮ್ಮೆ ವಿಪರೀತ ಬೆಳಗಿದರೆ ಕಂಪ್ಯೂಟರ್ ವಿಷಯ ಬಿಡಿ, ಮೇನ್ ಆಫ್ ಮಾಡಿ. ನ್ಯೂಟ್ರಲ್ ತುಂಡಾಗುತ್ತಿರುವ ಗುರುತು ಅದು. ಮೂರು ಫೇಸ್‌ನ ಲೈನ್‌ನಲ್ಲಿ ನ್ಯೂಟ್ರಲ್ ಹೋದರೆ ಮನೆಯೊಳಗೆ 400 ವೋಲ್ಟ್ ಹತ್ತಿರಕ್ಕೂ ಏರಬಹುದು. ಟಿವಿ, ಫ್ರಿಜ್ ಎಲ್ಲ ಸುಡುತ್ತವೆ. ಕಂಬದಿಂದ ಬರುವ ವೈರ್‌ನಲ್ಲಿ ಕಿಡಿ ಕಂಡರೆ ನಮ್ಮ ಕಡೆಯ ವಿದ್ಯುತ್ ಕಂಪನಿ ಹೆಸ್ಕಾಂನ 1912ಕ್ಕೆ ಫೋನ್ ಮಾಡಿ. ನೀವೇ ಕೈ ಹಾಕಬೇಡಿ.

ವೋಲ್ಟೇಜ್ ಸರಿ ಇದೆ, ಆದರೂ ಸದ್ದಿಲ್ಲ ಅಂದರೆ ಕ್ಯಾಬಿನೆಟ್‌ನ ಪಕ್ಕದ ತಗಡು ತೆಗೆದು ಮದರ್‌ಬೋರ್ಡ್ ನೋಡಿ. ತುಂಬಾ ಬೋರ್ಡ್‌ಗಳಲ್ಲಿ ಪಿನ್ ಹಾಕಿದ ಕೂಡಲೇ ಒಂದು ಸಣ್ಣ ಲೈಟ್ ಉರಿಯುತ್ತದೆ. ಅದು ಉರಿದರೆ ಎಸ್‌ಎಂಪಿಎಸ್ ಅರ್ಧವಾದರೂ ಬದುಕಿದೆ. ಆಗ ಕ್ಯಾಬಿನೆಟ್ ಮುಂಭಾಗದ ಪವರ್ ಬಟನ್ ಮೇಲೆ ಅನುಮಾನ ಪಡಿ. ಬಟನ್‌ನ ಸಣ್ಣ ವೈರ್ ಮದರ್‌ಬೋರ್ಡ್‌ನಲ್ಲಿ ಎರಡು ಪಿನ್‌ಗೆ ಸೇರಿರುತ್ತದೆ. ಅದನ್ನು ಕಳಚಿ, ಸ್ಕ್ರೂಡ್ರೈವರ್ ತುದಿಯಿಂದ ಆ ಎರಡು ಪಿನ್ ಒಂದು ಕ್ಷಣ ಕೂಡಿಸಿ. ಅವು ಯಾವ ಪಿನ್ ಅಂತ ಬೋರ್ಡ್ ಮೇಲೆಯೇ ಬರೆದಿರುತ್ತದೆ, ಖಾತ್ರಿ ಇಲ್ಲದಿದ್ದರೆ ಮುಟ್ಟಬೇಡಿ. ಚಾಲೂ ಆಯಿತಾ? ಹಾಗಾದರೆ ಬಟನ್ ಮಾತ್ರ ಕೆಟ್ಟಿದೆ.

ಎಸ್‌ಎಂಪಿಎಸ್ ಒಂದನ್ನೇ ಪರೀಕ್ಷಿಸುವ ದಾರಿಯೂ ಇದೆ. ಗೋಡೆಯ ಪಿನ್ ಕಿತ್ತು, 24 ಪಿನ್‌ನ ದೊಡ್ಡ ಕನೆಕ್ಟರನ್ನು ಬೋರ್ಡ್‌ನಿಂದ ಬಿಡಿಸಿ, ಹಸಿರು ವೈರ್ ಮತ್ತು ಪಕ್ಕದ ಕಪ್ಪು ವೈರ್‌ಗಳ ತೂತನ್ನು ಕಾಗದದ ಕ್ಲಿಪ್‌ನಿಂದ ಕೂಡಿಸಬೇಕು. ಆಮೇಲೆ ಗೋಡೆಗೆ ಪಿನ್ ಹಾಕಬೇಕು. ಸಾಮಾನ್ಯವಾಗಿ ಫ್ಯಾನ್ ತಿರುಗುತ್ತದೆ. ಹಳದಿ ವೈರ್‌ನಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಬರಬೇಕು. ಇದರ ಹೊರಗಿದ್ದರೆ ಬದಲಿಸಿ. ಒಳಗಿದ್ದರೆ ಪೂರ್ತಿ ಸರಿ ಅಂತಲೂ ಅಲ್ಲ, ಲೋಡ್ ಬಿದ್ದಾಗ ಕುಸಿಯುವ ಡಬ್ಬಿಗಳಿವೆ. ವೈರ್‌ಗಳೆಲ್ಲ ಕಪ್ಪಾಗಿದ್ದು ಬಣ್ಣದಿಂದ ಗುರುತು ಸಿಗದಿದ್ದರೆ ಈ ಪರೀಕ್ಷೆಯನ್ನು ಅಂಗಡಿಗೇ ಬಿಡಿ.

ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು

ಪರದೆ ಮೇಲೆ "ನೋ ಸಿಗ್ನಲ್" ಅಂತ ತೇಲುತ್ತಿದ್ದರೆ ಮಾನಿಟರ್ ಬದುಕಿದೆ. ಕೇಬಲ್ ಎರಡೂ ತುದಿ ಕಿತ್ತು ಗಟ್ಟಿಯಾಗಿ ಹಾಕಿ. ಚಿತ್ರ ಮೂಡಿಸುವ ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದಕ್ಕೇ ಹೋಗಬೇಕು, ಮದರ್‌ಬೋರ್ಡ್‌ನ ಪೋರ್ಟ್‌ಗಲ್ಲ. ನಂತರ ಕೀಬೋರ್ಡ್‌ನ ನಮ್ ಲಾಕ್ ಒತ್ತಿ. ಅದರ ಲೈಟ್ ಹತ್ತಿ ಆರುತ್ತಿದ್ದರೆ ಕಂಪ್ಯೂಟರ್ ಒಳಗೆ ಎದ್ದಿದೆ, ಚಿತ್ರ ಮಾತ್ರ ಬರುತ್ತಿಲ್ಲ. ಬೇರೆ ಮಾನಿಟರ್ ಅಥವಾ ಮನೆಯ ಟಿವಿಗೆ ಜೋಡಿಸಿ ನೋಡಿ. ಲೈಟ್ ಅಲುಗಾಡದಿದ್ದರೆ ಕಂಪ್ಯೂಟರೇ ಮಧ್ಯದಲ್ಲಿ ನಿಂತಿದೆ. ಆಗ ನನ್ನ ಮೊದಲ ಅನುಮಾನ ರ‍್ಯಾಮ್ ಮೇಲೆ.

ನಮ್ಮ ಕಡೆ ಧೂಳು ಜಾಸ್ತಿ. ಇಳಕಲ್‌ನಲ್ಲಿ ಗ್ರಾನೈಟ್ ಕೊಯ್ಯುವ ಕಡೆ ಕಲ್ಲಿನ ಪುಡಿ, ರಬಕವಿ, ಬನಹಟ್ಟಿಯಲ್ಲಿ ಅರಳೆಯ ಧೂಳು, ಉಳಿದ ಕಡೆ ರಸ್ತೆ ಮಣ್ಣು. ಮಳೆಗಾಲದ ತೇವ ಸೇರಿದರೆ ಅದು ರ‍್ಯಾಮ್‌ನ ಬಂಗಾರ ಬಣ್ಣದ ಹಲ್ಲುಗಳ ಮೇಲೆ ಮಂಕು ಪದರವಾಗಿ ಕೂರುತ್ತದೆ. ಅಷ್ಟಕ್ಕೇ ಕಂಪ್ಯೂಟರ್ ಏಳುವುದಿಲ್ಲ.

ಪಿನ್ ಕಿತ್ತು, ರ‍್ಯಾಮ್ ಪಟ್ಟಿಯ ತುದಿಯ ಕ್ಲಿಪ್ ಹೊರಗೆ ಬಾಗಿಸಿ. ಕೆಲವು ಬೋರ್ಡ್‌ಗಳಲ್ಲಿ ಒಂದೇ ಕಡೆ ಕ್ಲಿಪ್ ಇರುತ್ತದೆ. ಪಟ್ಟಿ ಮೇಲೆ ಬರುತ್ತದೆ. ಅಂಚಿನಲ್ಲಿ ಹಿಡಿಯಿರಿ, ಕಪ್ಪು ಚಿಪ್‌ಗಳನ್ನು ಮುಟ್ಟಬೇಡಿ. ಬೆಳಕಿಗೆ ಹಿಡಿದರೆ ಹಲ್ಲುಗಳ ಮೇಲೆ ಕಂದು ಛಾಯೆ ಅಥವಾ ಚುಕ್ಕೆ ಕಾಣಬಹುದು. ಮಕ್ಕಳ ಕಂಪಾಸಿನ ಮೆತ್ತನೆಯ ಬಿಳಿ ರಬ್ಬರ್‌ನಿಂದ ಒಂದೇ ದಿಕ್ಕಿಗೆ ಹಗುರವಾಗಿ ತಿಕ್ಕಿ. ಪೆನ್ನಿನ ಶಾಯಿ ಅಳಿಸುವ ಒರಟು ರಬ್ಬರ್ ಬೇಡ, ಅದು ಲೇಪವನ್ನೇ ಕೆರೆಯುತ್ತದೆ. ರಬ್ಬರ್ ಪುಡಿ ಒಣ ಬ್ರಷ್‌ನಿಂದ ಝಾಡಿಸಿ. ಸ್ಲಾಟ್‌ಗೂ ಒಣ ಬ್ರಷ್ ಸಾಕು, ಬಾಯಿಂದ ಊದಬೇಡಿ, ಎಂಜಲು ಸಿಡಿಯುತ್ತದೆ. ವಾಪಸ್ ಹಾಕುವಾಗ ಪಟ್ಟಿಯ ಕಚ್ಚು ಸ್ಲಾಟ್‌ನ ಕಚ್ಚಿಗೆ ಹೊಂದಿಸಿ, ಟಕ್ ಅನ್ನುವವರೆಗೆ ಒತ್ತಿ. ತುಂಬಾ ಸಲ ಇಷ್ಟಕ್ಕೇ ಪರದೆ ಬೆಳಗುತ್ತದೆ.

ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ. ನಾಲ್ಕು ಸ್ಲಾಟ್ ಇರುವ ಬೋರ್ಡ್‌ಗಳಲ್ಲಿ ಒಂದೇ ಪಟ್ಟಿಯನ್ನು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೇ ಸ್ಲಾಟ್‌ಗೆ ಹಾಕಬೇಕು. ಹೊಸ ಡಿಡಿಆರ್5 ರ‍್ಯಾಮ್ ಹಾಕಿದ್ದರೆ ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಾಗೇ ಇರುವುದು ಸಹಜ. ಬೋರ್ಡ್ ರ‍್ಯಾಮ್‌ನ ವೇಗ ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಯಲ್ಲಿ ಆಫ್ ಮಾಡಬೇಡಿ.

ಬೀಪ್ ಸದ್ದು ಬರುತ್ತಿದ್ದರೆ ಎಣಿಸಿ ಬರೆದುಕೊಳ್ಳಿ. ಪದೇ ಪದೇ ಉದ್ದ ಬೀಪ್ ಬಂದರೆ ಹೆಚ್ಚಾಗಿ ರ‍್ಯಾಮ್, ಒಂದು ಉದ್ದ ಎರಡು ಗಿಡ್ಡ ಬಂದರೆ ಹೆಚ್ಚಾಗಿ ಡಿಸ್‌ಪ್ಲೇ. ಆದರೆ ಕಂಪನಿಗೊಂದು ಅರ್ಥ ಇರುತ್ತದೆ, ಬೋರ್ಡ್‌ನ ಪುಸ್ತಕ ನೋಡಿ. ಈಚಿನ ಬೋರ್ಡ್‌ಗಳಲ್ಲಿ ಸಿಪಿಯು (ಪ್ರೊಸೆಸರ್), ಡ್ರ್ಯಾಮ್ (ರ‍್ಯಾಮ್), ವಿಜಿಎ (ಡಿಸ್‌ಪ್ಲೇ), ಬೂಟ್ (ಡಿಸ್ಕ್‌ನಿಂದ ಏಳುವುದು) ಅಂತ ನಾಲ್ಕು ಸಣ್ಣ ಲೈಟ್ ಇರುತ್ತವೆ. ಯಾವುದು ಆರದೆ ನಿಲ್ಲುತ್ತದೋ ಅಲ್ಲೇ ತೊಂದರೆ. ರ‍್ಯಾಮ್ ತಿಕ್ಕಿ, ಒಂದೊಂದಾಗಿ ಹಾಕಿ ನೋಡಿದ ಮೇಲೂ ಸಿಪಿಯು ಲೈಟ್ ಆರದಿದ್ದರೆ ಅಲ್ಲಿಗೆ ನಿಲ್ಲಿಸಿ. ಪ್ರೊಸೆಸರ್ ಎತ್ತಿ ನೋಡಲು ಹೋದರೆ ಸಾಕೆಟ್‌ನ ಕೂದಲಿನಷ್ಟು ಸಣ್ಣ ಪಿನ್ ಬಾಗಿ ಸರಿ ಇದ್ದ ಬೋರ್ಡೂ ಹೋಗುತ್ತದೆ.

ಆನ್ ಆಗಿ ಆಫ್ ಆಗುತ್ತದೆ, ಮತ್ತೆ ತಾನೇ ಆನ್ ಆಗುತ್ತದೆ

ಇಲ್ಲಿ ಸಮಯ ಮುಖ್ಯ. ಎಷ್ಟು ಹೊತ್ತಿಗೆ ಆಫ್ ಆಗುತ್ತದೆ ನೋಡಿ.

ಒಂದೆರಡು ಸೆಕೆಂಡಿಗೇ ಆದರೆ ಎಲ್ಲೋ ಶಾರ್ಟ್ ಇದೆ, ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳುತ್ತಿದೆ. ಕೀಬೋರ್ಡ್, ಮೌಸ್, ಪೆನ್‌ಡ್ರೈವ್, ಪ್ರಿಂಟರ್ ಎಲ್ಲ ಕಿತ್ತು ಬರೀ ಕ್ಯಾಬಿನೆಟ್ ಚಾಲೂ ಮಾಡಿ. ಮುಂದಿನ ಯುಎಸ್‌ಬಿ ಪೋರ್ಟ್ ಒಳಗೆ ಬಾಗಿದ ಪಿನ್ ಇದ್ದರೂ ಹೀಗಾಗುತ್ತದೆ. ಟಾರ್ಚ್ ಹಿಡಿದು ಬೋರ್ಡ್ ನೋಡಿ. ಬಿದ್ದ ಸ್ಕ್ರೂ, ಸತ್ತ ಹಲ್ಲಿ, ಇರುವೆ ಗೂಡು, ಇಲಿ ಕಡಿದ ವೈರ್ ಎಲ್ಲವೂ ನಮ್ಮ ಹಳ್ಳಿ ಮನೆಗಳಲ್ಲಿ ಸಿಗುವಂಥವೇ. ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್‌ನ ಕನೆಕ್ಟರ್ ಸಡಿಲವಾಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ನಾಲ್ಕೈದು ಸೆಕೆಂಡಿಗೆ ಸರಿಯಾಗಿ ಆಫ್ ಆಗುತ್ತಿದ್ದರೆ ಪವರ್ ಬಟನ್ ಒಳಗೇ ಸಿಕ್ಕಿಕೊಂಡಿದೆಯಾ ನೋಡಿ. ಬಟನ್ ಒತ್ತಿ ಹಿಡಿದರೆ ಕಂಪ್ಯೂಟರ್ ಆಫ್ ಆಗುವುದು ಅದರ ಗುಣ, ಅಲ್ವಾ? ಧೂಳು ಕಟ್ಟಿ ಬಟನ್ ಹೊರಗೆ ಬರದಿದ್ದರೂ ಅದೇ ಆಗುತ್ತದೆ.

ಕೆಲವು ನಿಮಿಷ ನಡೆದು ಆಫ್ ಆದರೆ ಬಿಸಿಯ ತೊಂದರೆ. ತುಂಬಾ ಪ್ರೊಸೆಸರ್‌ಗಳು 100 ಡಿಗ್ರಿ ಆಸುಪಾಸಿಗೆ ಬಂದರೆ ಮೊದಲು ನಿಧಾನವಾಗುತ್ತವೆ, ಆಮೇಲೆ ಆಫ್ ಆಗುತ್ತವೆ. ಮಗ್ಗದ ಮನೆಗಳಲ್ಲಿ ಪ್ರೊಸೆಸರ್ ಫ್ಯಾನ್ ಎತ್ತಿ ನೋಡಿ: ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಅರಳೆ ಕಂಬಳಿಯ ಹಾಗೆ ಹೆಪ್ಪುಗಟ್ಟಿರುತ್ತದೆ. ಫ್ಯಾನ್ ತಿರುಗುತ್ತಿದ್ದರೂ ಗಾಳಿ ಒಳಗೆ ಇಳಿಯುವುದಿಲ್ಲ. ಅದನ್ನು ಚಿಮಟಿಗೆಯಿಂದ ಒಂದೇ ಪದರವಾಗಿ ಎತ್ತಬಹುದು. ಬ್ಲೋವರ್ ಹೊಡೆಯುವಾಗ ಫ್ಯಾನ್‌ನ ರೆಕ್ಕೆ ಬೆರಳಿನಿಂದ ಹಿಡಿದಿರಿ, ವಿಪರೀತ ವೇಗಕ್ಕೆ ತಿರುಗಿ ಅದು ಹಾಳಾಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೋರ್ಡ್ ಹತ್ತಿರ ಬೇಡ, ಸ್ಟ್ಯಾಟಿಕ್ ಹುಟ್ಟುತ್ತದೆ. ಒದ್ದೆ ಬಟ್ಟೆಯಂತೂ ಬೇಡವೇ ಬೇಡ. ಶುಚಿ ಮಾಡಿದ ಮೇಲೂ ಬಿಸಿ ಇಳಿಯದಿದ್ದರೆ ಪ್ರೊಸೆಸರ್‌ನ ಬಿಸಿಯನ್ನು ಆ ರೆಕ್ಕೆಗಳಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರುತ್ತದೆ, ಅಂಗಡಿಯಲ್ಲಿ ಹೊಸದು ಹಾಕಿಸಿ.

ಬೋರ್ಡ್ ಮೇಲಿನ ಸಣ್ಣ ಡಬ್ಬಿಯಂಥ ಕೆಪ್ಯಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ರಸ ಸೋರಿದ್ದರೆ ಮನೆಯ ಕೆಲಸ ಅಲ್ಲಿಗೆ ಮುಗಿಯಿತು. ಸುಟ್ಟ ವಾಸನೆ ಬಂದರೂ ಅಷ್ಟೇ. "ಇನ್ನೊಂದು ಸಲ ನೋಡೋಣ" ಅಂತ ಬಟನ್ ಒತ್ತಬೇಡಿ.

ಕಂಪನಿ ಲೋಗೋ ಬಂದು ನಿಲ್ಲುತ್ತದೆ, ತಾರೀಖು ತಪ್ಪಿದೆ, ಎಫ್1 ಒತ್ತು ಅನ್ನುತ್ತದೆ

ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್‌ನ ಸೆಲ್ ಮುಗಿದಿದೆ. ಸಿಆರ್2032 ಅನ್ನುವ 3 ವೋಲ್ಟ್‌ನ ಬಿಲ್ಲೆ ಸೆಲ್ ಅದು, ಬೆಲೆ ಬಹಳ ಕಮ್ಮಿ. ಪಿನ್ ಕಿತ್ತು, ಹಳೇದನ್ನು ತೆಗೆದು, ಬರಹ ಇರುವ ಮುಖ ಮೇಲೆ ಬರುವಂತೆ ಹೊಸದು ಹಾಕಿ. ಹಳೇ ಸೆಲ್ ಸಣ್ಣ ಮಕ್ಕಳ ಕೈಗೆ ಸಿಗದಂತೆ ಎಸೆಯಿರಿ, ನುಂಗಿದರೆ ತುಂಬಾ ಅಪಾಯ.

ಸೆಲ್ ಹೋದಾಗ ಬಯೋಸ್ (ಕಂಪ್ಯೂಟರನ್ನು ಮೊದಲು ಎಬ್ಬಿಸುವ, ಬೋರ್ಡ್‌ನೊಳಗಿನ ಪ್ರೋಗ್ರಾಂ) ಸೆಟ್ಟಿಂಗ್‌ಗಳೂ ಮರೆತುಹೋಗುತ್ತವೆ. ಹೊಸದು ಹಾಕಿದ ಮೇಲೆ ತಾರೀಖಿನ ಜೊತೆ ಯಾವ ಡಿಸ್ಕ್‌ನಿಂದ ಬೂಟ್ ಆಗಬೇಕು, ಸಾಟಾ ಮೋಡ್ (ಬೋರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿ) ಏನಿತ್ತು ಅನ್ನುವುದೂ ನೋಡಿ. ಮೋಡ್ ಬದಲಾದರೆ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ, ಜನ ಡಿಸ್ಕ್ ಹೋಯಿತು ಅಂದುಕೊಳ್ಳುತ್ತಾರೆ. "ಸಿಪಿಯು ಫ್ಯಾನ್ ಎರರ್" ಅಂತ ಬಂದರೆ ಮಾತ್ರ ಎಫ್1 ಒತ್ತಿ ಮುಂದೆ ಹೋಗಬೇಡಿ. ಫ್ಯಾನ್ ನಿಂತಿದೆಯಾ ನೋಡಿ.

"ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್" ಅನ್ನುತ್ತದೆ

ಮೊದಲು ಪೆನ್‌ಡ್ರೈವ್ ಕಿತ್ತು ನೋಡಿ. ಅದರಿಂದಲೇ ಬೂಟ್ ಆಗಲು ಹೋಗಿ ನಿಂತಿರಬಹುದು. ಆಮೇಲೆ ಬಯೋಸ್ ಒಳಗೆ ಹೋಗಿ, ಸಾಮಾನ್ಯವಾಗಿ ಡಿಲೀಟ್ ಅಥವಾ ಎಫ್2 ಕೀಲಿ. ಡಿಸ್ಕ್‌ನ ಹೆಸರು ಕಾಣುತ್ತದೆಯಾ? ಕಂಡರೆ ಬೂಟ್ ಕ್ರಮ ತಪ್ಪಿದೆ ಅಥವಾ ವಿಂಡೋಸ್‌ನ ಬೂಟ್ ಫೈಲ್ ಕೆಟ್ಟಿದೆ. ಕಾಣದಿದ್ದರೆ ಪಿನ್ ಕಿತ್ತು ಡಿಸ್ಕ್‌ನ ಎರಡೂ ಕೇಬಲ್ ಬಿಚ್ಚಿ ಹಾಕಿ, ಸಾಟಾ ಕೇಬಲ್ ಬದಲಿಸಿ ನೋಡಿ.

ಹಾರ್ಡ್‌ಡಿಸ್ಕ್‌ನಿಂದ ಕಟಕ್ ಕಟಕ್ ಅಂತ ಒಂದೇ ಲಯದಲ್ಲಿ ಸದ್ದು ಬಂದರೆ ಆ ಕ್ಷಣವೇ ಆಫ್ ಮಾಡಿ. ಒಳಗಿನ ಹೆಡ್ ಓದಲಾಗದೆ ಒದ್ದಾಡುತ್ತಿದೆ. ಪ್ರತಿ ಸಲ ಆನ್ ಮಾಡಿದಾಗಲೂ ತಟ್ಟೆ ಗೀರಿ ಡೇಟಾ ಇನ್ನಷ್ಟು ಹೋಗಬಹುದು. ತಟ್ಟಬೇಡಿ, ಫ್ರಿಜ್‌ನಲ್ಲಿ ಇಡಬೇಡಿ, ಮುಚ್ಚಳ ಬಿಚ್ಚಬೇಡಿ. ಬೆಲೆಬಾಳುವ ಫೈಲ್ ಇದ್ದರೆ ಡೇಟಾ ರಿಕವರಿ ಮಾಡುವವರ ಹತ್ತಿರವೇ ಒಯ್ಯಬೇಕು, ಖರ್ಚು ಜಾಸ್ತಿ ಆಗುತ್ತದೆ. ತಿರುಗುವ ತಟ್ಟೆ ಇಲ್ಲದೆ ಚಿಪ್‌ನಲ್ಲೇ ಫೈಲ್ ಇಡುವ ಎಸ್‌ಎಸ್‌ಡಿಗಳಲ್ಲಿ ಈ ಮುನ್ಸೂಚನೆಯೂ ಇರುವುದಿಲ್ಲ. ನಿನ್ನೆ ನಡೆದದ್ದು ಇವತ್ತು ಬಯೋಸ್‌ನಲ್ಲೇ ಕಾಣುವುದಿಲ್ಲ.

ವಿಂಡೋಸ್ ಚಿಹ್ನೆ ಬಂದು ಸುತ್ತುತ್ತದೆ, ನೀಲಿ ಪರದೆ ಬರುತ್ತದೆ

ಅಪ್‌ಡೇಟ್ ನಡೆಯುತ್ತಿದ್ದರೆ ಕಾಯಿರಿ. ಹಳೇ ಹಾರ್ಡ್‌ಡಿಸ್ಕ್‌ನಲ್ಲಿ ಗಂಟೆಗಟ್ಟಲೆ ಹಿಡಿಯಬಹುದು. ಡಿಸ್ಕ್ ಲೈಟ್ ಮಿನುಗುತ್ತಿದ್ದರೆ ಕೆಲಸ ನಡೆದಿದೆ. ನೀಲಿ ಪರದೆ ಬಂದರೆ ಕೆಳಗಿನ ಕೋಡ್‌ನ ಫೋಟೋ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಪ್ರತಿ ಸಲ ಒಂದೇ ಕೋಡ್ ಬಂದರೆ ಡ್ರೈವರ್ (ಒಂದೊಂದು ಭಾಗವನ್ನು ನಡೆಸುವ ಸಣ್ಣ ಪ್ರೋಗ್ರಾಂ) ಅಥವಾ ಡಿಸ್ಕ್ ಇರಬಹುದು. ಪ್ರತಿ ಸಲ ಬೇರೆ ಬೇರೆ ಬಂದರೆ ಮತ್ತೆ ರ‍್ಯಾಮ್ ನೋಡಿ.

ವಿಂಡೋಸ್ 10 ಮತ್ತು 11 ಕೆಲವು ಸಲ ಸತತವಾಗಿ ಏಳದಿದ್ದರೆ ತಾವಾಗಿಯೇ ರಿಪೇರಿ ಪರದೆಗೆ ಬರುತ್ತವೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ. ಮೊದಲು ಸ್ಟಾರ್ಟಪ್ ರಿಪೇರ್. ಅಪ್‌ಡೇಟ್ ಆದ ಮೇಲೆಯೇ ಶುರುವಾದ ತೊಂದರೆ ಆದರೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್. ಹೊಸ ಡ್ರೈವರ್ ಹಾಕಿದ ಮೇಲೆ ಆಗಿದ್ದರೆ ಸ್ಟಾರ್ಟಪ್ ಸೆಟ್ಟಿಂಗ್ಸ್‌ನಿಂದ, ಅಗತ್ಯ ಭಾಗಗಳಷ್ಟೇ ನಡೆಯುವ ಸೇಫ್ ಮೋಡ್‌ಗೆ ಹೋಗಿ ಅದನ್ನು ತೆಗೆಯಿರಿ. ನಂತರ ವಿಂಡೋಸನ್ನು ಹಿಂದಿನ ಸ್ಥಿತಿಗೆ ಒಯ್ಯುವ ಸಿಸ್ಟಮ್ ರಿಸ್ಟೋರ್. ಡಿಸ್ಕ್‌ನ ತಪ್ಪು ಹುಡುಕುವ ಚೆಕ್‌ಡಿಸ್ಕ್ ಓಡಿಸುವ ಮುಂಚೆ ಮಾತ್ರ ಯೋಚಿಸಿ. ಸಾಯುತ್ತಿರುವ ಡಿಸ್ಕ್‌ಗೆ ಅದು ಭಾರೀ ಕೆಲಸ, ಫೈಲ್ ಕಾಪಿ ಮಾಡಿಕೊಂಡ ಮೇಲೆಯೇ ಮಾಡಬೇಕು.

ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಕೀ ಕೇಳಿದರೆ ಹೆದರಬೇಡಿ. 48 ಅಂಕಿಯ ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ, ಮೊಬೈಲ್‌ನಿಂದಲೇ ಲಾಗಿನ್ ಆಗಿ ನೋಡಬಹುದು. ಅದು ಸಿಗದೆ ಡಿಸ್ಕ್ ತೆರೆಯುವ ದಾರಿ ಅಂಗಡಿಯವರಿಗೂ ಇಲ್ಲ.

ಇನ್ನು ಫಾರ್ಮ್ಯಾಟ್ ವಿಷಯ. "ಡಿ ಡ್ರೈವ್ ಮುಟ್ಟಲ್ಲ, ಸಿ ಮಾತ್ರ ಹೊಡೀತೀವಿ" ಅಂದರೆ ಎಲ್ಲ ಉಳಿಯುತ್ತದೆ ಅಂತ ತುಂಬಾ ಜನ ನಂಬುತ್ತಾರೆ. ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದೆಲ್ಲ ಇರುವುದು ಸಿ ಡ್ರೈವ್‌ನಲ್ಲೇ. ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಕೂಡ. ಟ್ಯಾಲಿಯ ಡೇಟಾ ಫೋಲ್ಡರೂ ಅಲ್ಲೇ ಇರಬಹುದು. ವಿಂಡೋಸ್ ಎದ್ದೇಳದಿದ್ದರೂ ಲಿನಕ್ಸ್ (ವಿಂಡೋಸ್ ಬದಲು ನಡೆಯುವ ಇನ್ನೊಂದು ವ್ಯವಸ್ಥೆ) ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಫೈಲ್‌ಗಳನ್ನು ಹೊರಗೆ ಕಾಪಿ ಮಾಡಬಹುದು, ಅಥವಾ ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರ್‌ಗೆ ಹಾಕಬಹುದು. ಇದನ್ನು ಮೊದಲು ಮಾಡಿಸಿ. "ರಿಸೆಟ್ ದಿಸ್ ಪಿಸಿ"ಯಲ್ಲಿ ಕೀಪ್ ಮೈ ಫೈಲ್ಸ್ ಆರಿಸಿದರೆ ಫೈಲ್ ಉಳಿಯುತ್ತವೆ, ಆದರೆ ಟ್ಯಾಲಿ, ಕನ್ನಡ ಟೈಪ್ ಮಾಡುವ ನುಡಿಯಂಥ ಪ್ರೋಗ್ರಾಂಗಳೆಲ್ಲ ಹೋಗುತ್ತವೆ. ನುಡಿಯ ಹಳೇ ಫಾಂಟ್‌ನಲ್ಲಿ ಬರೆದ ಪತ್ರಗಳು ಆಮೇಲೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಫೈಲ್ ಕೆಟ್ಟಿಲ್ಲ, ನುಡಿ ಮತ್ತೆ ಹಾಕಿದರೆ ಸರಿಯಾಗುತ್ತದೆ.

ಲ್ಯಾಪ್‌ಟಾಪ್ ಆದರೆ

ಚಾರ್ಜರ್ ಕಿತ್ತು, ಬ್ಯಾಟರಿ ಹೊರಗೆ ಬರುವಂಥದ್ದಾದರೆ ತೆಗೆದು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಚಾರ್ಜರ್ ಮಾತ್ರ ಹಾಕಿ ಆನ್ ಮಾಡಿ. ಇದಕ್ಕೇ ಎಷ್ಟೋ ಲ್ಯಾಪ್‌ಟಾಪ್ ಏಳುತ್ತವೆ. ಪರದೆ ಕಪ್ಪಾಗಿದ್ದರೆ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಮಸುಕಾಗಿ ಚಿತ್ರ ಕಂಡರೆ ಹಿಂಬೆಳಕು ಮಾತ್ರ ಹೋಗಿದೆ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಕೆಳಗಿನ ಮುಚ್ಚಳ ಬಿರಿದಿದ್ದರೆ ಬ್ಯಾಟರಿ ಉಬ್ಬಿದೆ. ಚಾರ್ಜರ್ ತೆಗೆಯಿರಿ, ಒತ್ತಬೇಡಿ, ಚುಚ್ಚಬೇಡಿ. ಹಾಸಿಗೆ, ಬಟ್ಟೆಯಿಂದ ದೂರ ಇಟ್ಟು ಅದೇ ದಿನ ಅಂಗಡಿಗೆ ಕೊಡಿ.

ಅಂಗಡಿಗೆ ಒಯ್ಯುವಾಗ

ನೀವು ನೋಡಿದ್ದನ್ನು ಚೀಟಿಯಲ್ಲಿ ಬರೆದು ಕ್ಯಾಬಿನೆಟ್‌ಗೆ ಅಂಟಿಸಿ: ಎಲ್ಲಿಗೆ ಬಂದು ನಿಲ್ಲುತ್ತದೆ, ಎಷ್ಟು ಬೀಪ್, ಯಾವ ಕೋಡ್, ಏನೇನು ಮಾಡಿ ನೋಡಿದಿರಿ. "ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದು" ಅನ್ನುವುದನ್ನು ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಬೋರ್ಡ್ ಹೋಗಿದೆ ಅಂದರೆ ಬೇರೆ ಎಸ್‌ಎಂಪಿಎಸ್, ಬೇರೆ ರ‍್ಯಾಮ್ ಹಾಕಿ ನೋಡಿದ್ದಾರಾ ಕೇಳಿ. ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗೆ ಬೇಜಾರಾಗುವುದಿಲ್ಲ. ಬದಲಿಸಿದ ಭಾಗ ವಾಪಸ್ ಪಡೆಯಿರಿ. ಅದು ಹಾರ್ಡ್‌ಡಿಸ್ಕ್ ಆಗಿದ್ದರೆ ಕೆಟ್ಟದ್ದೇ ಆದರೂ ಬಿಟ್ಟು ಬರಬೇಡಿ. ನಿಮ್ಮ ಬ್ಯಾಂಕ್ ಪಾಸ್‌ಬುಕ್, ಆಧಾರ್‌ನ ಸ್ಕ್ಯಾನ್ ಕಾಪಿಗಳು ಅದರೊಳಗೆ ಇನ್ನೂ ಇರುತ್ತವೆ.